ಅಗಲಿದ ತಾಯಿಯ ಹೆಸರಿನ ಓಟ

ತಂದೆತಾಯಿಗಳು ಅಗಲಿದ ದಿನದಂದು ಬಸದಿಯಲ್ಲಿ ಅಭಿಷೇಕ-ಪೂಜೆಗಳನ್ನು ಮಾಡಿಸುವುದು, ತ್ಯಾಗಿಗಳಿಗೆ ಆಹಾರದಾನವೀಯುವುದು, ಶಕ್ತಿಯುಳ್ಳವರು ಶಾಸ್ತ್ರಗ್ರಂಥವೊಂದನ್ನು ಅಚ್ಚು ಹಾಕಿಸಿ ಹಂಚುವುದು ಶ್ರಾವಕರ ಮನೆಗಳಲ್ಲಿ ಬಹುಕಾಲದಿಂದ ನಡೆದುಬಂದ ಪದ್ಧತಿ. ಈಚಿನ ವರ್ಷಗಳಲ್ಲಿ ನಗರವಾಸಿಗಳಾದ ಮಕ್ಕಳಲ್ಲಿ ಮತ್ತೊಂದು ರೂಢಿ ಕಾಣಿಸಿಕೊಂಡಿದೆ. ಸಾವಿರಾರು ಜನ ಸೇರುವ ಓಟದಲ್ಲಿ ಹೆಸರು ನೋಂದಾಯಿಸಿ, ಅಗಲಿದ ತಂದೆಯ ಅಥವಾ ತಾಯಿಯ ಹೆಸರನ್ನು ಅಂಗಿಯ ಮೇಲೆ ಬರೆಸಿಕೊಂಡು ಓಡುವುದು; ಆ ಓಟದ ನಿಮಿತ್ತ ಬಂಧುಮಿತ್ರರಿಂದ ಹಣ ಕೂಡಿಸಿ ಆಸ್ಪತ್ರೆಗೋ ಅನಾಥಾಲಯಕ್ಕೋ ಸಲ್ಲಿಸುವುದು. ಇದನ್ನು ಕಂಡು ಹಿರಿಯರು ಹುಬ್ಬು ಗಂಟಿಕ್ಕುತ್ತಾರೆ. ಕಿರಿಯರು ಅದರಲ್ಲಿ ತಪ್ಪೇನೆಂದು ಕೇಳುತ್ತಾರೆ. ಎರಡೂ ಕಡೆಯ ಮಾತಿನಲ್ಲಿ ಹುರುಳಿರುವುದರಿಂದ ವಿಷಯವನ್ನು ತಾಳ್ಮೆಯಿಂದ ವಿಚಾರಿಸಬೇಕಾಗಿದೆ.

ಓಟದೊಡನೆ ದಾನವನ್ನು ಜೋಡಿಸುವ ಈ ರೂಢಿ ನಮ್ಮ ನಾಡಿನಲ್ಲಿ ಹುಟ್ಟಿದ್ದಲ್ಲ. ಕೆನಡಾ ದೇಶದ ಟೆರ್ರಿ ಫಾಕ್ಸ್ ಎಂಬ ತರುಣ ಮೂಳೆಯ ಕ್ಯಾನ್ಸರಿನಿಂದ 1977ರಲ್ಲಿ ಬಲಗಾಲನ್ನು ಕಳೆದುಕೊಂಡ. 1980ರ ಏಪ್ರಿಲ್ 12ರಂದು ಕೃತಕ ಕಾಲಿನಲ್ಲಿ ಓಟವನ್ನಾರಂಭಿಸಿ, 143 ದಿನಗಳಲ್ಲಿ 5,373 ಕಿಲೋಮೀಟರ್ ಕ್ರಮಿಸಿದ ಮೇಲೆ ರೋಗ ಶ್ವಾಸಕೋಶಕ್ಕೆ ಹರಡಿದ್ದರಿಂದ ನಿಂತ. ಮರುವರ್ಷ ಜೂನಿನಲ್ಲಿ, 22ನೆಯ ವಯಸ್ಸಿನಲ್ಲಿ, ತೀರಿಕೊಂಡ. ದೇಶದ ಪ್ರತಿಯೊಬ್ಬ ಪ್ರಜೆಯಿಂದಲೂ ಒಂದು ಡಾಲರನ್ನು ರೋಗದ ಸಂಶೋಧನೆಗಾಗಿ ಬೇಡುವುದು ಅವನ ಉದ್ದೇಶವಾಗಿತ್ತು. ಲಂಡನ್ ನಗರದ ಮ್ಯಾರಥಾನ್ 1981ರಲ್ಲಿ ಆರಂಭವಾಯಿತು. ಬರುಬರುತ್ತ ಅದು ಓಟಗಾರರ ಮೂಲಕ ದಾನಸಂಗ್ರಹ ಮಾಡುವ ದೊಡ್ಡ ನೆಲೆಯಾಯಿತು. ಅದೇ ಬ್ರಿಟನ್ನಿನಲ್ಲಿ 1994ರಲ್ಲಿ ಸ್ತ್ರೀಯರ ಓಟವಾಗಿ ಆರಂಭಗೊಂಡು ಕ್ಯಾನ್ಸರ್ ಸಂಶೋಧನೆಗಾಗಿ ನಡೆದುಬಂದಿರುವ ಓಟದಲ್ಲಿ, ಯಾರ ನೆನಪಿಗಾಗಿ ಓಡುತ್ತಿರುವುದೆಂದು ಕಾಗದದಲ್ಲಿ ಬರೆದು ಬೆನ್ನಿಗೆ ಅಂಟಿಸಿಕೊಳ್ಳುತ್ತಾರೆ. ಹಿಂದೆ ಬರುವವಳು ಮುಂದೆ ಓಡುವವಳ ಬೆನ್ನಿನ ಮೇಲೆ ‘ಅಮ್ಮನಿಗಾಗಿ’ ಎಂಬ ಮಾತನ್ನು ಓದುತ್ತ ಸಾಗುತ್ತಾಳೆ. ಮುಂಬಯಿಯಲ್ಲಿ 2004ರಿಂದಲೂ ಬೆಂಗಳೂರಿನಲ್ಲಿ 2008ರಿಂದಲೂ ಇಂಥ ಓಟಗಳು ನಡೆದಿವೆ. ಬೆಂಗಳೂರಿನದು 10 ಕಿಲೋಮೀಟರಿನ ಓಟ. ಅಭ್ಯಾಸವುಳ್ಳವರಿಗೆ ಒಂದು ಗಂಟೆಯ ಮಾತು.

ಒಂದು ಮನೆಯನ್ನು ಭಾವಿಸಿಕೊಂಡರೆ ಪ್ರಶ್ನೆಯ ಸ್ವರೂಪ ಸ್ಪಷ್ಟವಾದೀತು. ತಾಯಿ ಅಷ್ಟಮಿ-ಚತುರ್ದಶಿಗಳನ್ನು ಬಿಡದೆ ನಡೆಸಿದವಳು. ಅನಂತನ ನೋಂಪಿಯನ್ನು ಹಿಡಿದಿದ್ದಳು. ಅದು ಭಾದ್ರಪದ ಶುಕ್ಲ ಚತುರ್ದಶಿಯಂದು ಆಚರಿಸುತ್ತ 14 ವರ್ಷ ಸಾಗಿಸಿ, ಕೊನೆಯಲ್ಲಿ ಉದ್ಯಾಪನೆ ಮಾಡಬೇಕಾದ ನೋಂಪಿ. ಒಂಬತ್ತು ವರ್ಷ ಮುಗಿದಿತ್ತು. ಹತ್ತನೆಯ ವರ್ಷದ ಭಾದ್ರಪದಕ್ಕೆ ಮೊದಲೇ ರೋಗ ಉಲ್ಬಣಿಸಿ ಅವಳು ಅಗಲಿದಳು. ಮಗ ಬೆಂಗಳೂರಿನಲ್ಲಿ ಉದ್ಯೋಗಸ್ಥ. ಕೊನೆಯ ತಿಂಗಳುಗಳಲ್ಲಿ ಬಂದುಹೋಗಿ ಮಾಡುತ್ತಿದ್ದನಷ್ಟೆ. ಪಕ್ಕದಲ್ಲಿ ಕುಳಿತು ಣಮೋಕಾರವನ್ನು ಕಿವಿಗೆ ಬೀಳಿಸಿದವನು ತಂದೆ. ವರ್ಷಾಂತ್ಯಕ್ಕೆ ಮಗ, ತಾಯಿಯ ಹೆಸರಿನಲ್ಲಿ ಓಡಿ ಬಡರೋಗಿಗಳ ಔಷಧಕ್ಕೆ ಹಣ ಕೂಡಿಸುವೆನೆಂದೂ ಅದನ್ನೇ ಅವಳ ನೋಂಪಿಯ ಉದ್ಯಾಪನೆಯೆಂದು ಭಾವಿಸುವೆನೆಂದೂ ಮನೆಗೆ ಬರೆಯುತ್ತಾನೆ. ಸೋದರಮಾವನಿಗೆ ಕೋಪ ಬರುತ್ತದೆ.

“ನಿಮ್ಮಮ್ಮ ಒಂದು ಕಡೆ ಕುಳಿತು, ಬಾಯಿ ಕಟ್ಟಿ ಸಾಧಿಸಿದ್ದನ್ನು ನೀನು ಬೀದಿಯಲ್ಲಿ ಓಡಿ ಮುಗಿಸುತ್ತೀಯೇನೋ?”

“ಮಾವ, ಅವಳ ಹೆಸರಿನಲ್ಲಿ ನಾಲ್ಕು ಜನರಿಗೆ ಔಷಧ ಸಿಕ್ಕರೆ ಅದು ಔಷಧದಾನವಲ್ಲವೇ? ಉದ್ಯಾಪನೆಯಲ್ಲಿ ಮಾಡುವುದೂ ದಾನವೇ ಅಲ್ಲವೇ?”

ಮಗನ ಮಾತು ಹುಡುಗಾಟದ್ದಲ್ಲ. ನೋಂಪಿಯ ವಿಧಿಯಲ್ಲಿ ದೇಹದ ಶ್ರಮಕ್ಕೂ ದ್ರವ್ಯದ ತ್ಯಾಗಕ್ಕೂ ಹತ್ತಿರದ ನಂಟಿದೆ. ಉದ್ಯಾಪನೆ ಮಾಡುವ ಶಕ್ತಿಯಿಲ್ಲದವರು ನೋಂಪಿಯನ್ನು ಇಮ್ಮಡಿ ಕಾಲ ಆಚರಿಸಬೇಕೆಂದು ವ್ರತವಿಧಾನಗಳು ಹೇಳುತ್ತವೆ. ಬಡವಿಯಾದ ಶ್ರಾವಿಕೆ ಹಣವಿಲ್ಲದೆ ಹೋದರೆ ಇನ್ನಷ್ಟು ವರ್ಷ ಉಪವಾಸವಿದ್ದು ಅದನ್ನು ತುಂಬಿಕೊಡಬಹುದು. ಹಾಗಾದರೆ ಉಪವಾಸ ಮಾಡಲಾರದವನು ಓಡಿ, ದ್ರವ್ಯವನ್ನು ಕೂಡಿಸಿ ತುಂಬಿಕೊಡಬಾರದೇಕೆ ಎಂಬುದು ಅವನ ಒಳಗಿನ ತರ್ಕ. ಇದಕ್ಕೆ ಗದರಿಕೆ ಉತ್ತರವಾಗಲಾರದು.

ಮೊದಲು, ತಾಯಿಗೆ ಇದರಿಂದ ಏನು ದೊರೆತೀತೆಂಬುದನ್ನು ನೋಡಬೇಕು. ಇಲ್ಲಿ ಜಿನಾಗಮದ ಮಾತು ಕಠಿಣವಾಗಿಯೇ ಇದೆ: ಏನೂ ದೊರೆಯದು. ತಾನು ಮಾಡಿದ ಕರ್ಮವನ್ನು ಜೀವ ತಾನೇ ಉಣ್ಣಬೇಕು. ಮಗನ ಪುಣ್ಯವನ್ನು ತಾಯಿಯ ಲೆಕ್ಕಕ್ಕೆ ಬರೆಯುವ ಕರಣಿಕನೆಲ್ಲಿಯೂ ಇಲ್ಲ. ದೇಹವನ್ನು ಬಿಟ್ಟ ಜೀವ ಮೂರು ನಾಲ್ಕು ಸಮಯಗಳೊಳಗೆ ಮುಂದಿನ ಜನ್ಮಸ್ಥಾನವನ್ನು ಸೇರುತ್ತದೆ. ಸಮಯವೆಂದರೆ ಕಾಲದ ಅತ್ಯಂತ ಸೂಕ್ಷ್ಮಾಂಶ, ಕಣ್ಣೆವೆಯಿಕ್ಕುವಷ್ಟರಲ್ಲಿ ಅಸಂಖ್ಯಾತವಾಗಿ ಕಳೆಯುವಂಥದು. ಹೊಸ್ತಿಲಲ್ಲಿ ಮಕ್ಕಳು ಅಳುತ್ತಿರುವಾಗಲೇ ತಾಯಿ ಇನ್ನೆಲ್ಲಿಯೋ ಹೊಸ ಪರ್ಯಾಯವನ್ನು ತಾಳಿರುತ್ತಾಳೆ. ಪಿಂಡವನ್ನಾಗಲಿ ಪುಣ್ಯವನ್ನಾಗಲಿ ಅವಳಿಗೆ ತಲಪಿಸುವ ದಾರಿಯಿಲ್ಲ.

ಜನ್ನನು 1209ರಲ್ಲಿ ಕನ್ನಡದಲ್ಲಿ ಹೇಳಿದ ಯಶೋಧರನ ಕಥೆ ಈ ವಿಷಯದಲ್ಲಿ ನೆನೆಯತಕ್ಕದ್ದು. ಆ ಕಥೆಯನ್ನು ಹಿಟ್ಟಿನ ಕೋಳಿಯ ಕಥೆಯೆಂದೇ ಎಲ್ಲರೂ ನೆನಪಿಟ್ಟುಕೊಂಡಿದ್ದಾರೆ; ಅದರ ನಡುವಿನ ಭಯಂಕರವಾದ ಭಾಗ ಮರೆತುಹೋಗುತ್ತದೆ. ಸಂಕಲ್ಪಹಿಂಸೆಯ ಫಲವಾಗಿ ಯಶೋಧರನೂ ಅವನ ತಾಯಿಯೂ ತಿರ್ಯಗ್ಜನ್ಮಗಳಲ್ಲಿ ತೊಳಲುತ್ತಾರೆ. ಇತ್ತ ಮಗ ಯಶೋಮತಿ, ತಂದೆಗೂ ಅಜ್ಜಿಗೂ ಸದ್ಗತಿಯಾಗಲೆಂದು ಶ್ರಾದ್ಧ ಮಾಡಿಸುತ್ತಾನೆ. ಆ ಶ್ರಾದ್ಧದ ಅಡುಗೆಗೆ ಸಿಕ್ಕಿ ಬೀಳುವುದು ಮೀನಾಗಿ ಹುಟ್ಟಿದ ತಂದೆಯೇ. ಯಶೋಮತಿಯಲ್ಲಿ ಪಿತೃಭಕ್ತಿ ಕಡಿಮೆಯಿರಲಿಲ್ಲ. ತಂದೆ ಎಲ್ಲಿದ್ದಾನೆಂಬುದು ಅವನಿಗೆ ತಿಳಿದಿರಲಿಲ್ಲ, ಅಷ್ಟೇ. ಅಗಲಿದವರ ವಿಷಯದಲ್ಲಿ ಮಕ್ಕಳೆಲ್ಲರ ಸ್ಥಿತಿಯೂ ಅದೇ. ನಸುಕಿನ ರಸ್ತೆಯಲ್ಲಿ ಓಡುವವನ ಪಾದದ ಕೆಳಗೆ ಯಾವ ಜೀವವಿದೆ, ಅದು ಹಿಂದೆ ಯಾರಾಗಿತ್ತೆಂದು ಬಲ್ಲವರು ಯಾರು?

ತಾಯಿಗೆ ಏನೂ ತಲಪದೆಂದ ಮೇಲೆ ಅವಳ ಹೆಸರನ್ನೇಕೆ ಹೇಳಬೇಕು? ಇದಕ್ಕೆ ಉತ್ತರ ಶ್ರವಣಬೆಳಗೊಳದ ಚಂದ್ರಗಿರಿಯ ಬಂಡೆಗಳ ಮೇಲಿದೆ. ಸಮಾಧಿಮರಣವನ್ನು ಸಾಧಿಸಿದ ಗುರುಗಳಿಗಾಗಿ ಶಿಷ್ಯರು, ಹೆತ್ತವರಿಗಾಗಿ ಮಕ್ಕಳು ನಿಲ್ಲಿಸಿದ ನಿಸಿಧಿಗಳಲ್ಲಿ ‘ಪರೋಕ್ಷವಿನಯ’ ಎಂಬ ಪದ ಬರುತ್ತದೆ. ಕಣ್ಣಿಗೆ ಮರೆಯಾದವರಲ್ಲಿ ತೋರುವ ವಿನಯ ಅದು. ಅಗಲಿದವರಿಗೆ ಏನನ್ನಾದರೂ ಕಳಿಸಿಕೊಟ್ಟೆವೆಂಬ ಮಾತು ಆ ಪದದಲ್ಲಿಲ್ಲ. ಬದುಕಿರುವವನ ನಡತೆಯಷ್ಟೇ ಅದರಲ್ಲಿದೆ. ಅದೇ ಗುಡ್ಡದ ಕತ್ತಲೆ ಬಸದಿಯನ್ನು ವಿಷ್ಣುವರ್ಧನನ ದಂಡನಾಯಕ ಗಂಗರಾಜ 12ನೆಯ ಶತಮಾನದ ಆದಿಯಲ್ಲಿ ತನ್ನ ತಾಯಿ ಪೋಚವ್ವೆಗಾಗಿ ಮಾಡಿಸಿದ. ಯುದ್ಧದಲ್ಲಿ ಜಯಿಸಿ ಬಂದವನಿಗೆ ಅರಸನು ಮೆಚ್ಚಿ ವರವನ್ನೀಯಲು, ಪರಮ ಎಂಬ ಗ್ರಾಮವನ್ನು ಬೇಡಿ ಪಡೆದು, ತಾಯಿಯೂ ಪತ್ನಿ ಲಕ್ಷ್ಮೀದೇವಿಯೂ ಮಾಡಿಸಿದ್ದ ಜಿನಾಲಯಗಳ ಪೂಜೆಗೆ ಬಿಟ್ಟುಕೊಟ್ಟನೆಂದು ಶಾಸನ ಹೇಳುತ್ತದೆ. ಗೆದ್ದವನು ಅವನು, ಬಿಟ್ಟವನೂ ಅವನೇ. ತಾಯಿ ಆರಂಭಿಸಿದ್ದ ಕಾರ್ಯ ನಿಲ್ಲದಂತೆ ನೋಡಿಕೊಂಡನೆಂಬುದು ಇಲ್ಲಿ ಗಮನಿಸತಕ್ಕ ಅಂಶ.

ವಿನಯವು ಅಂತರಂಗತಪಗಳಾರರಲ್ಲಿ ಒಂದು. ಪೂಜ್ಯಪಾದರು ಸರ್ವಾರ್ಥಸಿದ್ಧಿಯಲ್ಲಿ ಉಪಚಾರವಿನಯವನ್ನು ವಿವರಿಸುವಾಗ, ಆಚಾರ್ಯಾದಿಗಳು ಎದುರಿಗಿಲ್ಲದಾಗಲೂ ಕಾಯ, ವಚನ, ಮನಸ್ಸುಗಳಿಂದ ಕೈಮುಗಿಯುವುದು, ಗುಣಗಳನ್ನು ಕೀರ್ತಿಸುವುದು, ಅನುಸ್ಮರಿಸುವುದು ವಿನಯವೇ ಎಂದಿದ್ದಾರೆ. ಹೀಗಾಗಿ ಸ್ಮರಣೆಯಲ್ಲಿ ದೇಹಕ್ಕೂ ಸ್ಥಾನವಿದೆಯೆಂದು ಓಡುವ ಮಗ ಹೇಳಿಕೊಳ್ಳಬಹುದು. ಆದರೆ ಕೀರ್ತಿಸಬೇಕಾದದ್ದು ಗುಣವನ್ನು. ಅಂಗಿಯ ಮೇಲೆ ಅಚ್ಚಾದ ಹೆಸರು ಗುಣವಲ್ಲ. ಆ ಹೆಸರಿನ ತಾಯಂದಿರು ನಾಡಿನಲ್ಲಿ ಸಾವಿರ ಜನರಿದ್ದಾರೆ. ಈ ತಾಯಿ ತಾನೆಷ್ಟು ಉಪವಾಸ ಮಾಡಿದೆನೆಂದು ಯಾರಿಗೂ ಹೇಳುತ್ತಿರಲಿಲ್ಲ, ಪಾರಣೆಯ ದಿನವೂ ಮೊದಲು ಮನೆಮಂದಿಗೆ ಬಡಿಸಿ ಆಮೇಲೆ ಕೂರುತ್ತಿದ್ದಳು, ಸೋಸಿದ ನೀರಿನ ಬಟ್ಟೆಯನ್ನು ಹಿಂಡದೆ ಸೋಸಿದ ನೀರಿನಿಂದಲೇ ತೊಳೆದು, ಆ ನೀರನ್ನು ತಂದ ಬಾವಿಗೇ ಇಳಿಸುತ್ತಿದ್ದಳು ಎಂದು ಮಗ ಬಂಧುಮಿತ್ರರಿಗೆ ಬರೆಯುವ ಯಾಚನಾಪತ್ರದಲ್ಲಿ ಬರೆದರೆ ಅಲ್ಲಿ ಗುಣಕೀರ್ತನೆಯಾಯಿತು. ಹಣ ಬರಲಿ ಬಿಡಲಿ, ಆ ಪತ್ರದ ನಾಲ್ಕು ಸಾಲುಗಳಲ್ಲಿ ಪರೋಕ್ಷವಿನಯ ನಡೆದುಹೋಯಿತು. ಓಟದ ಇಡೀ ಪ್ರಸಂಗದಲ್ಲಿ ಅತ್ಯಂತ ಬೆಲೆಯುಳ್ಳ ಭಾಗ ಇದೇ ಇದ್ದೀತು. ಇದನ್ನೇ ಬಹುಮಂದಿ ಅಚ್ಚಿನ ಪತ್ರದ ಮಾದರಿಗೆ ಬಿಟ್ಟುಬಿಡುತ್ತಾರೆ.

ಹೆಸರನ್ನು ಮೆರೆಸುವುದನ್ನು ಕುರಿತು ಮಾವನಿಗಿರುವ ಅಸಹ್ಯ ಯುಕ್ತವೇ. ಗುಟ್ಟಾಗಿ ವ್ರತ ನಡೆಸಿದವಳನ್ನು ಬೀದಿಯಲ್ಲಿ ಸಾರುವುದು ಅವಳ ಸ್ವಭಾವಕ್ಕೆ ಒಪ್ಪದು. ಆದರೂ ಬಸದಿಯ ಗೋಡೆಗಳ ಅಮೃತಶಿಲೆಯ ಫಲಕಗಳನ್ನೂ ಹಿತ್ತಾಳೆಯ ದೀಪಗಳ ಮೇಲೆ ಕೊರೆಸಿದ ಹೆಸರುಗಳನ್ನೂ ಅಭಿಷೇಕದ ಕಲಶಕ್ಕೆ ನಡೆಯುವ ಸವಾಲುಗಳನ್ನೂ ಕಂಡವರು ಅಂಗಿಯ ಮೇಲಿನ ಹೆಸರನ್ನು ಮಾತ್ರ ಹಳಿಯುವುದು ನ್ಯಾಯವೆನಿಸದು. ಅಂಗಿಯನ್ನಾದರೋ ಒಗೆಯುತ್ತಾರೆ.

ಇನ್ನು ದಾನದ ವಿಚಾರ. ಪರಾನುಗ್ರಹಕ್ಕಾಗಿ ತನ್ನದನ್ನು ಬಿಟ್ಟುಕೊಡುವುದು ದಾನವೆಂದು ಉಮಾಸ್ವಾಮಿಗಳ ಲಕ್ಷಣ. ‘ತನ್ನದು’ ಎಂಬ ಮಾತಿನ ಮೇಲೆ ಎಲ್ಲವೂ ನಿಂತಿದೆ. ಓಟದಲ್ಲಿ ಹಣ ಕೊಡುವವರು ಬಂಧುಗಳು, ಸಹೋದ್ಯೋಗಿಗಳು. ಓಡುವವನು ಮಗ. ಆಸ್ಪತ್ರೆಗೆ ಹೋಗುವ ರೂಪಾಯಿಗಳಲ್ಲಿ ಅವನದೆಂಬುದು ಎಷ್ಟು? ಕೃತ, ಕಾರಿತ, ಅನುಮೋದನೆಗಳ ವಿಭಾಗದಲ್ಲಿ ನೋಡಿದರೆ ಅವನು ಮಾಡಿಸಿದವನು, ಕಾರಿತಕ್ಕೂ ಫಲವುಂಟು. ಬೇಡುವುದಕ್ಕೆ ಮಾನವನ್ನು ಬದಿಗಿಡಬೇಕಾಗುತ್ತದೆ, ಅದೂ ಸಣ್ಣದಲ್ಲ. ಆದರೆ ಉದ್ಯಾಪನೆಯಲ್ಲಿ ಶ್ರಾವಿಕೆ ತನ್ನ ಕೈಯ ಬಳೆಯನ್ನು ಅಡವಿಟ್ಟಾದರೂ ತನ್ನದನ್ನೇ ಕೊಡುತ್ತಿದ್ದಳು. ಪರರ ದ್ರವ್ಯದಿಂದ ಉದ್ಯಾಪನೆಯೆಂಬುದು ಅವಳಿಗೆ ಅರ್ಥವಾಗುತ್ತಿರಲಿಲ್ಲ. ಆದ್ದರಿಂದ, ಇತರರಿಂದ ಬೇಡುವುದಕ್ಕೆ ಮೊದಲು ಮಗನು ತನಗೆ ನೋಯುವಷ್ಟನ್ನು ತಾನು ಕೊಟ್ಟಿರಬೇಕು. ಓಟದ ಪಾದರಕ್ಷೆಗೂ ಅಂಗಿಗೂ ಪ್ರವೇಶಶುಲ್ಕಕ್ಕೂ ಪ್ರಯಾಣಕ್ಕೂ ಆಗುವ ವೆಚ್ಚದಷ್ಟನ್ನಾದರೂ ಕೊಡದೆ ಇತರರ ಮುಂದೆ ಕೈಯೊಡ್ಡುವುದು ವಿಚಿತ್ರವೇ ಸರಿ.

ಹಾಗಾದರೆ ಜನ ಸುಮ್ಮನೆ ಕೊಡಬಾರದೇಕೆ, ನಡುವೆ ಒಬ್ಬನ ಕಾಲುಗಳೇಕೆ ಬೇಕು? ಇದು ಮೇಲ್ನೋಟಕ್ಕೆ ಮೂರ್ಖತನವೆನಿಸಿದರೂ ಉಪವಾಸವನ್ನು ಬಲ್ಲವರಿಗೆ ಅಪರಿಚಿತವಾದ ಸಂಗತಿಯಲ್ಲ. ಮನೆಯಲ್ಲಿ ಒಬ್ಬಳು ಉಪವಾಸವಿದ್ದರೆ ಉಳಿದವರ ಊಟವೂ ಆ ದಿನ ತಾನಾಗಿ ಮಿತವಾಗುತ್ತದೆ. ಮಕ್ಕಳು ಹಟ ಮಾಡುವುದಿಲ್ಲ. ದಶಲಕ್ಷಣದ ಹತ್ತು ದಿನ ಕಳೆದವಳಿಗೆ ಪಾರಣೆ ಮಾಡಿಸಲು ನೆರೆಹೊರೆ ನಾ ಮುಂದು ತಾ ಮುಂದು ಎಂದು ಬರುತ್ತದೆ. ಒಬ್ಬರು ದೇಹವನ್ನು ಪಣವಾಗಿಟ್ಟದ್ದನ್ನು ಕಂಡಾಗ ಕಂಡವರಲ್ಲಿಯೂ ಏನೋ ಸಡಿಲುತ್ತದೆ. ಬರಿಯ ಉಪದೇಶಕ್ಕೆ ಸಡಿಲದ ಕೈ ಆಗ ಸಡಿಲುತ್ತದೆ. ಕೃತಕ ಕಾಲಿನ ತರುಣನ ಹಿಂದೆ ಒಂದು ದೇಶವೇ ಹಣವೆತ್ತಿದ್ದೂ ಹೀಗೆಯೇ. ಇದು ಅನುಮೋದನೆಯ ಬಲ. ಓಟದ ಪದ್ಧತಿ ಅದನ್ನು ತಿಳಿದೋ ತಿಳಿಯದೆಯೋ ಬಳಸಿಕೊಂಡಿದೆ.

ಆದರೆ ದೇಹವನ್ನು ದಣಿಸಿದ್ದೆಲ್ಲ ತಪವಾಗದು. ಬಾಹ್ಯತಪಗಳಲ್ಲಿ ಕಾಯಕ್ಲೇಶವೂ ಒಂದೆಂದು ಮಗ ವಾದಿಸಿದರೆ, ತಪದ ಜೀವಾಳ ಇಚ್ಛಾನಿರೋಧವೆಂದು ಮಾವ ಉತ್ತರಿಸಬಹುದು. ಕಳೆದ ಸಲಕ್ಕಿಂತ ಮೂರು ನಿಮಿಷ ಮೊದಲು ಮುಟ್ಟಬೇಕೆಂಬ ಆಸೆ, ಕೊರಳಿಗೆ ಬೀಳುವ ಪದಕ, ಎಲ್ಲರಿಗೂ ಕಳಿಸಬೇಕಾದ ಚಿತ್ರ, ಇವು ಇಚ್ಛೆಯನ್ನು ನಿರೋಧಿಸುವುದರ ಬದಲು ಬೆಳೆಸುತ್ತವೆ. ಸಮಂತಭದ್ರರು ಎಣಿಸಿದ ಎಂಟು ಮದಗಳಲ್ಲಿ ಬಲಮದ, ಶರೀರಮದ, ಪೂಜಾಮದ ಮೂರೂ ಗುರಿಯ ಗೆರೆಯ ಬಳಿಯಲ್ಲೇ ಕಾದಿರುತ್ತವೆ. ತಾನು ತಾಯಿಗಾಗಿ ತಪಸ್ಸು ಮಾಡಿದೆನೆಂದುಕೊಂಡರೆ ತಪೋಮದವೂ ಬಂದು ಸೇರುತ್ತದೆ. ಓಟ ವ್ರತವಲ್ಲವೆಂದು ಸ್ಪಷ್ಟವಾಗಿ ಹೇಳುವುದೇ ಮೇಲು. ಅದನ್ನು ವ್ರತವೆಂದು ಕರೆಯದಿದ್ದರೆ ಅದರ ಮೇಲಿನ ಆಕ್ಷೇಪಗಳಲ್ಲಿ ಅರ್ಧ ಬಿದ್ದುಹೋಗುತ್ತವೆ.

ಓಡುವುದರಲ್ಲಿ ಹಿಂಸೆಯುಂಟೆಂಬ ಮಾತಿಗೆ ಹೆಚ್ಚು ವಿಸ್ತಾರ ಬೇಡ. ಈರ್ಯಾಸಮಿತಿ ಮುನಿಗಳಿಗೆ ವಿಧಿಸಿದ್ದು; ಗೃಹಸ್ಥನು ಸಂಕಲ್ಪಹಿಂಸೆಯನ್ನು ಬಿಟ್ಟು, ಆರಂಭಹಿಂಸೆಯನ್ನು ಆದಷ್ಟು ತಗ್ಗಿಸಿಕೊಳ್ಳಬೇಕಾದವನು. ಹುಳುಹುಪ್ಪಟೆಗಳು ಹೊರಬೀಳುವ ಚಾತುರ್ಮಾಸದಲ್ಲಿ ಕತ್ತಲಿನಲ್ಲಿ ಹುಲ್ಲಿನ ಮೇಲೆ ಅಭ್ಯಾಸ ಮಾಡದಿರುವುದು, ಬೆಳಕು ಹರಿದ ಮೇಲೆ ಹೊರಡುವುದು ವಿವೇಕ. ಇದಕ್ಕಿಂತಲೂ ನಿತ್ಯದ ತೊಡಕೊಂದಿದೆ. ಓಟದ ಹಿಂದಿನ ರಾತ್ರಿ ಹೊಟ್ಟೆ ತುಂಬ ಉಣ್ಣಬೇಕೆಂಬ ಸಲಹೆ ಓಟಗಾರರಲ್ಲಿ ಸಾಮಾನ್ಯ. ದಾರಿಯಲ್ಲಿ ಶಕ್ತಿಗಾಗಿ ಹೀರುವ ಸಿಹಿಯಾದ ಪೊಟ್ಟಣಗಳಲ್ಲಿ ಕೆಲವಕ್ಕೆ ಜೇನು ಸೇರಿರುತ್ತದೆ. ರಾತ್ರಿಭೋಜನವನ್ನು ಎಂದೂ ಮಾಡದವಳ, ಮಧುವನ್ನು ಮುಟ್ಟದವಳ ಹೆಸರನ್ನು ಎದೆಯ ಮೇಲೆ ಧರಿಸಿ ಜೇನನ್ನು ಹೀರುತ್ತ ಓಡುವುದಾದರೆ ಆ ಹೆಸರು ಯಾರದು? ಸೂರ್ಯಾಸ್ತಕ್ಕೆ ಮೊದಲೇ ಉಂಡು, ಖರ್ಜೂರವನ್ನು ಕಿಸೆಯಲ್ಲಿಟ್ಟುಕೊಂಡು ಹತ್ತು ಕಿಲೋಮೀಟರ್ ಓಡುವುದು ಅಸಾಧ್ಯವೇನಲ್ಲ.

ಈ ಎಲ್ಲಕ್ಕಿಂತ ಭಾರವಾದದ್ದೊಂದು ಉಳಿದಿದೆ. ಊರಿನ ಮನೆಯಲ್ಲಿ ತಂದೆ ಒಬ್ಬನೇ ಇದ್ದಾನೆ. ಓಟದ ಅಭ್ಯಾಸಕ್ಕೆ ಬಿಡುವಿನ ಭಾನುವಾರಗಳು ಬೇಕು. ಊರಿಗೆ ಹೋಗುವುದಕ್ಕೂ ಅವೇ ಭಾನುವಾರಗಳು ಬೇಕು. ಪರೋಕ್ಷದಲ್ಲಿರುವವಳಿಗೆ ವಿನಯ ತೋರಲು ಹೋಗಿ ಪ್ರತ್ಯಕ್ಷದಲ್ಲಿರುವವನನ್ನು ಕಾಯಿಸಿದಂತಾಗುತ್ತದೆ. ತಾಯಿಯ ಕೊನೆಯ ತಿಂಗಳುಗಳಲ್ಲಿ ಹತ್ತಿರವಿರಲಿಲ್ಲವೆಂಬ ಸಂಕಟ ಮಗನನ್ನು ಓಡಿಸುತ್ತಿದೆಯೆಂಬುದು ಮಾವನಿಗೂ ತಿಳಿಯದ್ದಲ್ಲ. ಸಂಕಟ ನಿಜ, ಆದರೆ ಅದಕ್ಕೆ ಹೇಳಿದ ಪ್ರಾಯಶ್ಚಿತ್ತ ವೈಯಾವೃತ್ತ್ಯ, ಅದೂ ಅಂತರಂಗತಪವೇ. ಇರುವವನ ಕಾಲನ್ನೊತ್ತುವುದು, ಮಾತ್ರೆಗಳ ಲೆಕ್ಕ ಇಡುವುದು, ಸಂಜೆಗೆ ಮೊದಲು ಬಿಸಿ ಅನ್ನವಾಯಿತೇ ಎಂದು ವಿಚಾರಿಸುವುದು, ಇವಕ್ಕೆ ಪದಕವಿಲ್ಲ. ತಾಯಿಗೆ ಮಾಡಲಾಗದ್ದನ್ನು ಅಪರಿಚಿತ ರೋಗಿಗಳಿಗೆ ಮಾಡಲು ಹೊರಟವನು ದಾರಿಯಲ್ಲಿ ಸಿಗುವ ಸ್ವಂತ ಮನೆಯನ್ನು ದಾಟಿಹೋಗಬಾರದು.

ನೋಂಪಿಯ ಪ್ರಶ್ನೆಗೆ ಬಂದರೆ, ಮಾವನ ಕೋಪವೂ ಮಗನ ಆಸೆಯೂ ಒಂದೇ ತಪ್ಪಿನ ಮೇಲೆ ನಿಂತಿವೆ. ತಾಯಿಯ ನೋಂಪಿ ಅರ್ಧಕ್ಕೆ ನಿಂತಿತೆಂದು ಇಬ್ಬರೂ ಭಾವಿಸಿದ್ದಾರೆ. ಅದನ್ನು ಪೂರೈಸುವ ಬಗೆಯಲ್ಲಿ ಮಾತ್ರ ಜಗಳ. ಅವಳು ಒಂಬತ್ತು ವರ್ಷ ಪರಿಶುದ್ಧ ಭಾವದಿಂದ ನಡೆಸಿದ್ದಳು, ಶಕ್ತಿಯಿರುವವರೆಗೆ ಬಿಡಲಿಲ್ಲ. ಆ ಒಂಬತ್ತು ವರ್ಷಗಳ ಫಲ ಅವಳದು, ಅವಳೊಡನೆಯೇ ಹೋಯಿತು. ಉಳಿದ ಐದು ವರ್ಷಗಳು ಯಾರ ಸಾಲವೂ ಅಲ್ಲ. ಮಗ ಓಡಿ ತೀರಿಸುವುದಕ್ಕೆ ಅಲ್ಲಿ ಏನೂ ಬಾಕಿಯಿಲ್ಲ. ಬೇಕಾದರೆ ಅವನು ತನಗಾಗಿ, ತನ್ನ ಹೆಸರಿನಲ್ಲಿ ಅದೇ ನೋಂಪಿಯನ್ನು ಹಿಡಿಯಬಹುದು.

ಬೆಂಗಳೂರಿನ ಓಟ ಬೇಸಗೆಯಲ್ಲಿ ಮುಗಿಯುತ್ತದೆ. ಅದನ್ನು ಓಡಲಿ, ಕೂಡಿದ ಹಣವನ್ನು ಆಸ್ಪತ್ರೆಗೆ ಸಲ್ಲಿಸಲಿ. ಭಾದ್ರಪದ ಬರಲು ಮತ್ತೆ ಕೆಲವು ತಿಂಗಳು. ಆಗ ಊರಿಗೆ ಬಂದು, ಬಸದಿಯಲ್ಲಿ ಅನಂತನಾಥ ಸ್ವಾಮಿಯ ಮುಂದೆ ಕುಳಿತು ಸಂಕಲ್ಪ ಮಾಡಿಸಿಕೊಳ್ಳುವಾಗ ಪುರೋಹಿತರು ಎಷ್ಟನೆಯ ವರ್ಷವೆಂದು ಕೇಳುತ್ತಾರೆ. ಹತ್ತನೆಯದೆಂದು ಹೇಳಲು ಅವನ ನಾಲಗೆ ತುಡಿಯಬಹುದು. ಪಕ್ಕದಲ್ಲಿ ತಂದೆ ಕುಳಿತಿರುತ್ತಾನೆ. ಮೊದಲನೆಯದೆಂದು ಹೇಳಬೇಕು.